ರಸಮಂಜರಿ, ಕಛೇರಿ, ನೈಟ್: ಹರೆಯದಲ್ಲಿ ನೀವು ಕೇಳಿದ್ದು ಯಾವುದು?

ಮಣ್ಣಗುಡ್ಡೆ ಮಾಮ

ಅಕ್ಕನ ಮಗ ಮೊನ್ನೆ ಬೆಂಗಳೂರಲ್ಲಿ ಒಂದು ದೊಡ್ಡ ಮ್ಯೂಸಿಕ್ ಶೋಗೆ ಹೋಗಿ ಬಂದ. ಟಿಕೆಟ್ ರೇಟು ಕೇಳಿ ನನಗೆ ತಲೆ ತಿರುಗಿತು. "ಈ ದುಡ್ಡಲ್ಲಿ ನಾವು ಚೌತಿಗೆ ಇಡೀ ಆರ್ಕೆಸ್ಟ್ರಾ ಕರೆಸ್ತಿದ್ದೆವು ಮಾರಾಯ" ಅಂದೆ. ಅವ ನಗಾಡಿ, "ಮಾಮ, ನಿಮ್ಮ ಕಾಲದಲ್ಲಿ ಮಂಗಳೂರಲ್ಲಿ ಲೈವ್ ಮ್ಯೂಸಿಕ್ ಅಂತ ಎಂತ ಇತ್ತು?" ಅಂತ ಕೇಳಿದ.

ಎಂತ ಇರಲಿಲ್ಲ ಹೇಳಿ! ಚೌತಿ ಬಂತು ಅಂದ್ರೆ ಓಣಿಗೊಂದು ರಸಮಂಜರಿ. ನವರಾತ್ರಿಗೆ ರಥಬೀದಿಯ ಶಾರದೋತ್ಸವ, ಕುದ್ರೋಳಿ ದಸರಾ. ಪುರಭವನದಲ್ಲಿ ಕಛೇರಿ, ಡಾನ್ ಬಾಸ್ಕೊ ಹಾಲಿನಲ್ಲಿ ಕೊಂಕಣಿ ಕಾರ್ಯಕ್ರಮ. ಜಾತ್ರೆ ಸೀಸನ್ನಿನಲ್ಲಿ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್. ಅದೂ ಹೆಚ್ಚಿನದ್ದು ಬಿಟ್ಟಿ. ಚಪ್ಪಲಿ ಕಳಚಿ ಅದರ ಮೇಲೆಯೇ ಕೂತರೆ ಆಯ್ತು, ಸೀಟೂ ಆಯ್ತು, ಚಪ್ಪಲಿಯೂ ಕಳೆದುಹೋಗಲಿಲ್ಲ.

ಸುಮ್ನೆ "ಆ ಕಾಲವೇ ಚಂದ" ಅಂತ ಬರೆಯಬೇಡಿ. ಎಲ್ಲಿ, ಯಾರದ್ದು, ಹೇಗೆ ಹೋದ್ರಿ, ರಾತ್ರಿ ಹೇಗೆ ವಾಪಸ್ ಬಂದ್ರಿ, ಅದು ಬರೆಯಿರಿ. ಹುಡುಗನಿಗೆ ಓದಿಸಬೇಕು.

ಅಂಬಲಪಾಡಿ ಮಾಣಿ

ಉಡುಪಿಯವರನ್ನು ಕೇಳಿದರೆ ಪರ್ಯಾಯದ (ಕೃಷ್ಣ ಮಠದ ಪೂಜೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಹಬ್ಬ) ರಾತ್ರಿ ಬಿಟ್ಟು ಬೇರೆ ಮಾತೇ ಇಲ್ಲ ಮಾಮ. ಎರಡು ವರ್ಷಕ್ಕೊಮ್ಮೆ, ಜನವರಿ 17ರ ರಾತ್ರಿ. ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವ ತನಕ ಊರಿಗೆ ಊರೇ ಎಚ್ಚರ. ಮೂಲೆಮೂಲೆಗೆ ಸ್ಟೇಜು. ಒಂದು ಕಡೆ ರಸಮಂಜರಿ, ಒಂದು ಕಡೆ ಭಕ್ತಿಗೀತೆ, ಮತ್ತೊಂದು ಕಡೆ ಮಿಮಿಕ್ರಿ. ನಾವು ಹುಡುಗರು ಇಲ್ಲಿ ಎರಡು ಹಾಡು, ಅಲ್ಲಿ ಎರಡು ಹಾಡು ಅಂತ ಬೆಳಗಿನ ತನಕ ಸುತ್ತುವುದು. ಎರಡು ಸ್ಟೇಜಿನ ನಡುವೆ ಒಂದು ಜಾಗ ಇರ್ತಿತ್ತು, ಅಲ್ಲಿ ನಿಂತರೆ ಎಡಕಿವಿಗೆ ರಾಜಣ್ಣನ ಹಾಡು, ಬಲಕಿವಿಗೆ ಎಸ್‌ಪಿಬಿ ಹಾಡು. ಚರ್ಮುರಿಯವ ಸರಿಯಾಗಿ ಅಲ್ಲೇ ಗಾಡಿ ಇಡ್ತಿದ್ದ. ಎರಡೂ ಕಡೆಯ ಗಿರಾಕಿ ಅವನಿಗೇ.

ಜನವರಿಯ ಚಳಿ ಅಂದ್ರೆ ನಮ್ಮ ಕರಾವಳಿಯ ಲೆಕ್ಕದಲ್ಲಿ ಚಳಿ, ಮತ್ತೆ ಘಟ್ಟದವರು ನಗಬೇಡಿ.

ಶ್ರುತಿಶುದ್ಧ

ರಸಮಂಜರಿಯನ್ನು ಸಂಗೀತ ಅಂತ ಲೆಕ್ಕಕ್ಕೆ ಹಿಡಿಯುವುದಾದರೆ ನನಗೆ ಹೇಳಲು ಎಂತದೂ ಇಲ್ಲ. ಕ್ಯಾಸೆಟ್ಟಿನಲ್ಲಿ ಇದ್ದದ್ದನ್ನು ಸ್ಟೇಜಿನಲ್ಲಿ ಕ್ಯಾಸೆಟ್ಟಿಗಿಂತ ಕೆಟ್ಟದಾಗಿ ಹಾಡುವುದು. ಮೇಲಿಂದ ಎಕೋ ಬೇರೆ.

ಹುಡುಗನಿಗೆ ಓದಿಸುವುದಿದ್ದರೆ ಗೋಪಾಲನಾಥರ ಬಗ್ಗೆ ಓದಿಸಿ. ಸ್ಯಾಕ್ಸೋಫೋನ್ ಬ್ಯಾಂಡಿಗೆ ಅಂತ ಮಾಡಿದ ವಾದ್ಯ. ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಸ್ವರವನ್ನು ಬಳುಕಿಸುವ ನಮ್ಮ ಗಮಕಕ್ಕೆ ಅದು ಬಗ್ಗುವ ವಸ್ತುವೇ ಅಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಹಠ ಹಿಡಿದರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಹತ್ತಿರ ಕಲಿತರು, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಹತ್ತಿರ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅಂಥವರನ್ನೂ ಓಣಿಯ ಆರ್ಕೆಸ್ಟ್ರಾವನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಸರಿ ಕಾಣುವುದಿಲ್ಲ.

ಮಣ್ಣಗುಡ್ಡೆ ಮಾಮ

ಒಂದೇ ಚಪ್ಪರದ ಅಡಿಯಲ್ಲಿ ಇಬ್ಬರನ್ನೂ ಕೇಳಿದ್ದೇವೆ ಮಾರಾಯ್ರೆ. ಒಂದೇ ಸಾಲಿನಲ್ಲಿ ಬರೆದರೆ ಎಂತ ಆಗ್ತದೆ?

ಮುಂಬಯಿ ಪಡುಬಿದ್ರಿ

ಕದ್ರಿಯಲ್ಲಿ ಹುಟ್ಟಿ ಲಂಡನ್ ತನಕ ಹೋದ ನಮ್ಮ ಊರಿನವರು! ಹೆಮ್ಮೆ.

ಶ್ರುತಿಶುದ್ಧ

ಹುಟ್ಟಿದ್ದು ಕದ್ರಿಯಲ್ಲಿ ಅಲ್ಲ. ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ, 1949ರಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ನುಡಿಸುವವರು. ಕದ್ರಿ ಆಮೇಲೆ ಸೇರಿದ್ದು.

ಮುಂಬಯಿ ಪಡುಬಿದ್ರಿ

ಸಜೀಪ ಆದರೂ ನಮ್ಮ ಊರೇ ಅಲ್ವಾ.

ಅಂಬಲಪಾಡಿ ಮಾಣಿ

ಗೋಪಾಲನಾಥರನ್ನು ನಾನೂ ಕೇಳಿದ್ದೇನೆ. ಜರಿಯ ರೇಷ್ಮೆ ಜುಬ್ಬಾ, ಹಣೆಯಲ್ಲಿ ದೊಡ್ಡ ಕುಂಕುಮ, ಲೈಟಿಗೆ ಥಳಥಳ ಹೊಳೆಯುವ ವಾದ್ಯ. ಮಕ್ಕಳೆಲ್ಲ ಸ್ಟೇಜಿನ ಬುಡಕ್ಕೇ ಹೋಗಿ ಕೂರುವುದು. ಕೆನ್ನೆ ಎಷ್ಟು ಉಬ್ಬುತ್ತದೆ ಅಂತ ನೋಡಲಿಕ್ಕೆ! ಪಿಟೀಲಿಗೆ ಎ. ಕನ್ಯಾಕುಮಾರಿ ಇದ್ದ ದಿನ ಅಂತೂ ಪ್ರಶ್ನೆಗೊಂದು ಉತ್ತರ, ಉತ್ತರಕ್ಕೊಂದು ಮರುಪ್ರಶ್ನೆ. ಕಡೆಗೆ "ರಘುವಂಶ ಸುಧಾ" ನುಡಿಸಿ ಅಂತ ಚೀಟಿ ಹೋಗ್ತಿತ್ತು. ಆ ತ್ಯಾಗರಾಜರ ಕೃತಿ ಅವರ ಕೈಯಲ್ಲಿ ಕುದುರೆ ಓಡಿದ ಹಾಗೆ ಓಡ್ತಿತ್ತು.

ಶ್ರುತಿಶುದ್ಧ

ಕದನಕುತೂಹಲ ರಾಗ. ತ್ಯಾಗರಾಜರದ್ದಲ್ಲ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರದ್ದು.

ಅಂಬಲಪಾಡಿ ಮಾಣಿ

ಯಾರದ್ದಾದರೂ ಚೀಟಿ ಬರೆದದ್ದು ನಾನೇ.

ಕುಂದಾಪ್ರದ ಹೈದ

ಇಷ್ಟು ಮಾತಾದರೂ ಯಕ್ಷಗಾನದ ಹೆಸರು ಯಾರೂ ಎತ್ತಲಿಲ್ಲ! ಕರಾವಳಿಯಲ್ಲಿ ಲೈವ್ ಮ್ಯೂಸಿಕ್ ಅಂದ್ರೆ ಮೊದಲು ಅದೇ ಅಲ್ವಾ?

ಬಡಗುತಿಟ್ಟಿನ ಭಾಗವತರು (ಯಕ್ಷಗಾನ ಹಾಡುವವರು) ಗುಂಡ್ಮಿ ಕಾಳಿಂಗ ನಾವಡರನ್ನು ಕೇಳಿದವರು ಇಲ್ಲಿ ಯಾರಾದರೂ ಇದ್ದೀರಾ? ನಾನು ಶಾಲೆಗೆ ಹೋಗುವಾಗ. ಡೇರೆ ಮೇಳ, ಅಪ್ಪನ ಹೆಗಲಲ್ಲಿ ಕಂಬಳಿ, ನಮಗೆ ನೆಲದ ಟಿಕೆಟು. ಆರಾಮ ಕುರ್ಚಿಯಲ್ಲಿ ಊರಿನ ದೊಡ್ಡವರು. ಟಿಕೆಟ್ ಕೌಂಟರಿನಲ್ಲಿ ಜನ "ಇವತ್ತು ಪ್ರಸಂಗ ಯಾವುದು" ಅಂತ ಕೇಳ್ತಿರಲಿಲ್ಲ, "ಭಾಗವತ್ರು ನಾವಡ್ರಾ?" ಅಂತ ಕೇಳ್ತಿದ್ರು. ಒಂದು ಪದ್ಯ ಎತ್ತಿದರೆ ಡೇರೆಯ ಹೊರಗೆ ನೆಲಕಡಲೆ ಮಾರುವವನೂ ತಕ್ಕಡಿ ಕೆಳಗಿಡ್ತಿದ್ದ. ಹೊಸ ಹೊಸ ರಾಗ ತಂದು ಹಾಕ್ತಾರೆ ಅಂತ ಹಳಬರು ಬೈತಿದ್ದದ್ದೂ ನೆನಪುಂಟು. ಬೈದವರೂ ಮರುದಿನ ಪಕ್ಕದ ಊರಿಗೆ ಆಟಕ್ಕೆ ಹೋಗ್ತಿದ್ರು ಅನ್ನುವುದು ಬೇರೆ ಮಾತು.

1990ರಲ್ಲಿ ಅಪಘಾತದಲ್ಲಿ ಹೋದರು. ವಯಸ್ಸು ಮೂವತ್ತು ದಾಟಿತ್ತಷ್ಟೆ. ನಮ್ಮ ಮನೆಯಲ್ಲಿ ಆ ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ತೆಂಕಿನ ಜಾಗಟೆ

ತೆಂಕುತಿಟ್ಟಿನ ಬಲಿಪ ನಾರಾಯಣ ಭಾಗವತರ ಏರು ಶ್ರುತಿಯ ಪದ ಮೈಕಿಲ್ಲದೆ ಕೇಳಿದವರು ಬೇರೆ ಭಾಗವತರ ಹೆಸರು ಅಷ್ಟು ಬೇಗ ಹೇಳಲಿಕ್ಕಿಲ್ಲ.

ಕುಂದಾಪ್ರದ ಹೈದ

ಶುರು ಆಯ್ತು.

ಮಣ್ಣಗುಡ್ಡೆ ಮಾಮ

ಯಕ್ಷಗಾನದ ತೆಂಕು ಬಡಗು ತಿಟ್ಟಿನ ಜಗಳ ಇಲ್ಲಿ ಬೇಡ ಮಾರಾಯ್ರೆ. ಅದು ಪತ್ತನಾಜೆಗೆ ತಿರುಗಾಟ ಮುಗಿಸಿ ಮೇಳ ಒಳಗೆ ಹೋದ ಮೇಲೂ ಮುಗಿಯುವುದಿಲ್ಲ.

ಬಿಜೈ ಬಾಯಿ

ಮಾಮ, "ಕೊಂಕಣಿ ಕಾರ್ಯಕ್ರಮ" ಅಂತ ಎರಡೇ ಶಬ್ದದಲ್ಲಿ ಮುಗಿಸಿಬಿಟ್ರಲ್ಲ! ವಿಲ್ಫಿ ನೈಟ್ ಅನ್ನಿ, ಬಾಯಿ ತುಂಬ ಹೇಳಿ.

ವಿಲ್ಫಿ ರೆಬಿಂಬಸ್ ನೈಟ್ ಉಂಟು ಅಂದ್ರೆ ನಮ್ಮ ಓಣಿಯಲ್ಲಿ ಆ ದಿನ ರಾತ್ರಿಯ ಗಂಜಿ ಬೇಗ. ಅಪ್ಪ ಇಸ್ತ್ರಿ ಪ್ಯಾಂಟು, ಅಮ್ಮ ಭಾನುವಾರದ ಪೂಜೆಗೆ ಉಡುವ ಸೀರೆ. ಎಲ್ಲ ಹಾಡೂ ಎಲ್ಲರಿಗೂ ಬಾಯಿಪಾಠ. ಅವರು ಮೈಕನ್ನು ಸ್ವಲ್ಪ ಜನರ ಕಡೆ ತಿರುಗಿಸಿದರೆ ಸಾಕು, ಉಳಿದದ್ದು ನಾವೇ ಹಾಡ್ತಿದ್ದೆವು. ಅವರ ಹೆಂಡತಿ ಮೀನಾ ಬಾಯಿ ಜೊತೆಗೆ ಹಾಡುವಾಗ ಹೆಂಗಸರ ಕಡೆಯಿಂದ ಸೀಟಿ! ಹೌದು, ನಮ್ಮ ಅಮ್ಮನೂ ಹೊಡೆದಿದ್ದಾರೆ, ಎರಡು ಬೆರಳು ಬಾಯಲ್ಲಿ ಇಟ್ಟು.

ದುಬೈಯಿಂದ ರಜೆಗೆ ಬಂದಿದ್ದ ನಮ್ಮ ಬಪ್ಪು (ಚಿಕ್ಕಪ್ಪ) ಒಮ್ಮೆ ಟೇಪ್‌ರೆಕಾರ್ಡರ್ ಮಡಿಲಲ್ಲಿ ಇಟ್ಟುಕೊಂಡು ಇಡೀ ನೈಟ್ ರೆಕಾರ್ಡ್ ಮಾಡಿದ್ರು. ಆ ಕ್ಯಾಸೆಟ್ ಈಗಲೂ ನನ್ನ ಹತ್ತಿರ ಉಂಟು. ಅದರಲ್ಲಿ ಹಾಡಿಗಿಂತ ಜಾಸ್ತಿ ಕೇಳುವುದು ಅಜ್ಜಿಯ ಕೆಮ್ಮು, ಮತ್ತೆ ಪಕ್ಕದಲ್ಲಿ ಕೂತವರು "ಈ ಸಲ ಮಲ್ಲಿಗೆಗೆ ಎಂತ ರೇಟು" ಅಂತ ಮಾತಾಡುವುದು. ವಿಲ್ಫಿಯವರು 2010ರಲ್ಲಿ ತೀರಿಕೊಂಡರು. ಅದೇ ವಾರ ಆ ಕ್ಯಾಸೆಟ್ ಹಾಕಿ ಎಲ್ಲರೂ ಕೂತು ಕೇಳಿದೆವು. ಅಜ್ಜಿ ಆಗಲೇ ಇರಲಿಲ್ಲ. ಕೆಮ್ಮು ಬಂದಾಗ ಅಮ್ಮ ಸೌಂಡ್ ಜಾಸ್ತಿ ಮಾಡಿದ್ರು.

ಒಂದು ವಿಚಿತ್ರ. ಕಡೆಯ ನಾಲ್ಕೈದು ಹಾಡಿನಲ್ಲಿ ಎಲ್ಲರ ಸ್ವರ ಸಣ್ಣ ಮಕ್ಕಳ ಹಾಗೆ ಕೇಳ್ತದೆ. ತಾಳವೂ ಓಡ್ತದೆ. ಯಾಕೆ ಅಂತ ಯಾರಿಗಾದರೂ ಗೊತ್ತುಂಟಾ?

ಕ್ಯಾಸೆಟ್ ಡಾಕ್ಟರ್

ಗೊತ್ತುಂಟು ಅಕ್ಕ. ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಮೋಟಾರು ನಿಧಾನ ಆದಾಗ ಟೇಪೂ ನಿಧಾನ ಓಡ್ತದೆ. ಈಗ ಸರಿಯಾದ ಸ್ಪೀಡಿನಲ್ಲಿ ಹಾಕಿದರೆ ಅದೇ ಹಾಡು ಬೇಗ ಓಡಿ, ಶ್ರುತಿಯೂ ಏರಿ ಕೇಳ್ತದೆ. ಕಂಪ್ಯೂಟರಿಗೆ ಹಾಕಿಕೊಂಡರೆ ಸರಿ ಮಾಡಬಹುದು. ಆಡಾಸಿಟಿ ಅಂತ ಬಿಟ್ಟಿ ಸಾಫ್ಟ್‌ವೇರ್ ಉಂಟು. ಅದರಲ್ಲಿ ಸ್ಪೀಡ್ ಬದಲಾಯಿಸಿದರೆ ಶ್ರುತಿಯೂ ಒಟ್ಟಿಗೇ ಇಳಿಯುತ್ತದೆ. ಆದರೆ ಬ್ಯಾಟರಿ ಒಂದೇ ಸಲ ಇಳಿಯುವುದಿಲ್ಲ, ಸ್ವಲ್ಪ ಸ್ವಲ್ಪವೇ. ಹಾಗಾಗಿ ಹಾಡು ಹಾಡಿಗೂ ಬೇರೆ ಬೇರೆ ಲೆಕ್ಕ ಹಾಕಬೇಕು.

ಆದರೆ ಈಗಲೇ ಪ್ಲೇ ಮಾಡಬೇಡಿ! ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿ, ಸುರುಳಿಯ ಮೇಲೆ ಬಿಳಿ ಪುಡಿಯ ಹಾಗೆ ಉಂಟಾ? ನಮ್ಮ ಊರಿನ ಮಳೆಗಾಲಕ್ಕೆ ಟೇಪಿಗೂ ಬೂಷ್ಟು ಹಿಡಿಯುತ್ತದೆ, ಚರ್ಮದ ಚಪ್ಪಲಿಗೆ ಮಾತ್ರ ಅಲ್ಲ. ಅದನ್ನು ಹಾಗೇ ಓಡಿಸಿದರೆ ಪುಡಿ ಹೆಡ್ಡಿಗೆ ಅಂಟಿ, ಆಮೇಲೆ ಹಾಕಿದ ಕ್ಯಾಸೆಟ್ಟಿಗೂ ಹರಡುತ್ತದೆ. ಸಿ-120 ಆದರೆ ಇನ್ನೂ ಜಾಗ್ರತೆ. ಅದರ ಟೇಪು ತುಂಬ ತೆಳು, ಸಿಕ್ಕಿಹಾಕಿಕೊಂಡರೆ ಹರಿದೇ ಹೋಗ್ತದೆ. ಸಿ-60, ಸಿ-90 ಗಟ್ಟಿ.

ಬಿಜೈ ಬಾಯಿ

ದೇವ್ ಬರೆಂ ಕರುಂ (ದೇವರು ಒಳ್ಳೆಯದು ಮಾಡಲಿ)! ಬಿಳಿ ಪುಡಿ ಉಂಟು. ಮುಟ್ಟುವುದಿಲ್ಲ.

ರಿದಂಪ್ಯಾಡ್

ಎಕೋ ಬೇರೆ ಅಂದ್ರಲ್ಲ ಶ್ರುತಿಶುದ್ಧರೇ, ಆ ಕ್ಯಾಸೆಟ್ಟಿಗಿಂತ ಕೆಟ್ಟದಾಗಿ ಹಾಡುವವರ ಹಿಂದೆ ಕೂತು ಬಾರಿಸಿದವ ನಾನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಎಂಬತ್ತರ ದಶಕದ ಕೊನೆಗೆ ಒಂದು ಆರ್ಕೆಸ್ಟ್ರಾ ಸೇರಿದೆ. ಮೊದಲು ಬೊಂಗೋ ಕಾಂಗೋ, ಆಮೇಲೆ ರಿದಂ ಪ್ಯಾಡ್. ಹಾಡು ಕಲಿಯುವುದು ಹೇಗೆ ಗೊತ್ತಾ? ಪುಸ್ತಕ ಇಲ್ಲ, ನೋಟೇಶನ್ ಇಲ್ಲ. ಕ್ಯಾಸೆಟ್ ಹಾಕುವುದು, ನಡುವಿನ ಮ್ಯೂಸಿಕ್ ಬಂದ ಕೂಡ್ಲೆ ನಿಲ್ಲಿಸುವುದು, ರಿವೈಂಡ್, ಮತ್ತೆ ಅದೇ. ಸಿನಿಮಾದಲ್ಲಿ ಪಿಟೀಲಿನ ದೊಡ್ಡ ತಂಡವೇ ನುಡಿಸಿದ್ದನ್ನು ನಮ್ಮ ಕೀಬೋರ್ಡಿನವ ಎರಡು ಕೈಯಲ್ಲಿ ತೆಗೆಯಬೇಕು. ಹಾಡುವವನಿಗೆ ಆ ದಿನ ಗಂಟಲು ಕಟ್ಟಿದ್ದರೆ ಸ್ಟೇಜಿನಲ್ಲೇ ಬೆನ್ನ ಹಿಂದೆ ಒಂದು ಬೆರಳು ಕೆಳಗೆ ತೋರಿಸ್ತಾನೆ. ಒಂದು ಕಟ್ಟೆ ಇಳಿಸು ಅಂತ. ಬಟನ್ ಒತ್ತಿದರೆ ಶ್ರುತಿ ಇಳಿಯುವ ಕೀಬೋರ್ಡ್ ನಮ್ಮಲ್ಲಿ ಆಗ ಇರಲಿಲ್ಲ. ಕಪ್ಪು ಬಿಳಿ ಎಲ್ಲ ಮನಸ್ಸಲ್ಲೇ ಜರುಗಿಸಿಕೊಂಡು ನುಡಿಸಬೇಕು. ಜನರಿಗೆ ಗೊತ್ತೇ ಆಗಬಾರದು.

ಮತ್ತೆ ಸಭಾ ಕಾರ್ಯಕ್ರಮ. ನೋಟೀಸಿನಲ್ಲಿ ರಾತ್ರಿ 8ಕ್ಕೆ ರಸಮಂಜರಿ ಅಂತ ಇರ್ತದೆ. 8ಕ್ಕೆ ಸ್ವಾಗತ ಭಾಷಣ ಶುರು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. "ನಾನು ಹೆಚ್ಚು ಹೊತ್ತು ಮಾತಾಡುವುದಿಲ್ಲ" ಅಂತ ಹೇಳಿದವರೇ ಮುಕ್ಕಾಲು ಗಂಟೆ ಮಾತಾಡುವುದು. ನಾವು ಸ್ಟೇಜಿನ ಹಿಂದೆ ಸ್ಪೀಕರ್ ಬಾಕ್ಸಿನ ಮೇಲೆ ಕೂತು ಸೊಳ್ಳೆ ಹೊಡೆಯುವುದು. ಹತ್ತೂವರೆಗೆ ನಮ್ಮ ಗಣಪತಿ ಹಾಡು. ಅದಾದ ಮೇಲೆ ರಾಜಣ್ಣನ ಒಂದು ಭಕ್ತಿಗೀತೆ, ಆಮೇಲೆ ಡ್ಯುಯೆಟ್, ಒಂದು ತುಳು, ನಡುವೆ ಮಿಮಿಕ್ರಿ. ಒಂದು ಗಂಟೆಗೆ ಕಮಿಟಿಯವರು ಬಂದು "ಇನ್ನೆರಡು ಫಾಸ್ಟ್ ಹಾಡು ಹೊಡೀರಿ, ಜನ ಏಳ್ತಿದ್ದಾರೆ" ಅಂತ ಕಿವಿಯಲ್ಲಿ ಹೇಳ್ತಾರೆ.

ಚೀಟಿಯ ವಿಷಯ ಹೇಳಲೇಬೇಕು. ನಮ್ಮ ಕೈಗೆ ಬರ್ತಿದ್ದ ಚೀಟಿ ಎಲ್ಲ ಬೀಡಿ ಲೇಬಲ್ಲಿನ ಹಿಂದೆ ಬರೆದದ್ದು. ಇಡೀ ದಿನ ಸೂಪು (ಮೊರ) ಮಡಿಲಲ್ಲಿಟ್ಟು ಬೀಡಿ ಕಟ್ಟಿದ ಹೆಂಗಸರು ಸಣ್ಣ ಹುಡುಗರ ಕೈಯಲ್ಲಿ ಕೊಟ್ಟು ಕಳಿಸುವುದು. ಹಾಡಿನ ಹೆಸರು ಗೊತ್ತಿರುವುದಿಲ್ಲ, "ರೇಡಿಯೋದಲ್ಲಿ ಮಧ್ಯಾಹ್ನ ಬರುವುದು, ನಾಯಕಿ ಸಾಯ್ತಾಳಲ್ಲ ಆ ಸಿನಿಮಾದ್ದು" ಅಂತ ಬರೆದಿರ್ತಾರೆ. ಅದರಿಂದ ಹಾಡು ಕಂಡುಹಿಡಿಯುವುದು ನಮ್ಮ ಕೆಲಸ. ಹಾಡುವ ಮೊದಲು ಚೀಟಿ ಕಳಿಸಿದವರ ಹೆಸರು ಮೈಕಿನಲ್ಲಿ ಓದಬೇಕು. ಒಂದು ಹೆಸರು ಬಿಟ್ಟರೆ ಮರುವರ್ಷ ಆ ಊರಿಗೆ ನಮಗೆ ಕರೆ ಇಲ್ಲ.

ಸಂಪಾದನೆ ಕೇಳಬೇಡಿ. ಒಂದು ಊರಿನಲ್ಲಿ ಎಲ್ಲ ಮುಗಿದು ವಯರ್ ಸುತ್ತಿ ನೋಡಿದರೆ ಖಜಾಂಚಿ ನಾಪತ್ತೆ. ನಾಳೆ ಬನ್ನಿ ಅಂದರು. ಆ ನಾಳೆ ಇವತ್ತಿಗೂ ಬರಲಿಲ್ಲ.

ಶ್ರುತಿಶುದ್ಧ

ನಿಮ್ಮ ಶ್ರಮ ಒಪ್ಪಿದೆ. ಶ್ರಮ ಬೇರೆ, ಸಂಗೀತ ಬೇರೆ.

ರಿದಂಪ್ಯಾಡ್

ಆಗಲಿ. ಕಛೇರಿಯಲ್ಲಿ ಮೃದಂಗದವರ ತನಿ ಆವರ್ತನ ಶುರು ಆದ ಕೂಡ್ಲೆ ಚಾ ಕುಡಿಯಲು ಎದ್ದು ಹೋಗುವವರು ಯಾರು, ನಮ್ಮ ರಸಮಂಜರಿಯ ಜನವಾ?

ತೆಂಕಿನ ಜಾಗಟೆ

ಹ್ಹಹ್ಹ, ಪೆಟ್ಟು ಬಿತ್ತು!

ಶ್ರುತಿಶುದ್ಧ

ತನಿಗೆ ಎದ್ದು ಹೋಗುವವರ ಮೇಲೆ ನನಗೂ ಸಿಟ್ಟೇ. ಮೃದಂಗದವರು ಇಡೀ ಸಂಜೆ ಆ ಹದಿನೈದು ನಿಮಿಷಕ್ಕೆ ಅಂತ ಕಾದಿರ್ತಾರೆ. ಆ ಒಂದು ಮಾತಿನಲ್ಲಿ ನಿಮ್ಮ ಪಕ್ಷ.

ತಾರಸಿ ಸೀಟು

ಎಲ್ಲ ಓದಿದೆ. ಚಂದ ಉಂಟು. ಆದರೆ ಒಂದು ವಿಷಯ ಗಮನಿಸಿದ್ರಾ? ಬೆಳಗಿನ ತನಕ ಸುತ್ತಿದೆ, ರಾತ್ರಿ ಒಂದು ಗಂಟೆಗೂ ಬಾರಿಸಿದೆ ಅಂತ ಬರೆದವರೆಲ್ಲ ಗಂಡಸರು.

ನನ್ನ ಹರೆಯದಲ್ಲಿ ಮನೆಯ ಹಿಂದಿನ ಗದ್ದೆಯಲ್ಲೇ ರಸಮಂಜರಿ ಆಗ್ತಿತ್ತು. ಅಣ್ಣಂದಿರಿಗೆ ಮುಗಿಯುವ ತನಕ ಲೈಸೆನ್ಸ್. ನನಗೂ ಅಕ್ಕನಿಗೂ ಒಂಬತ್ತಕ್ಕೆ ಮನೆ. ರಿದಂಪ್ಯಾಡ್ ಅವರು ಹೇಳಿದ ಲೆಕ್ಕ ಹಿಡಿದರೆ ಒಂಬತ್ತಕ್ಕೆ ಇನ್ನೂ ಶಾಲು ಹಾಕ್ತಾ ಇರ್ತಾರೆ. ಹಾಗಾಗಿ ನಾವು ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದು ಬರೀ ಭಾಷಣ! ಹಾಡು ಕೇಳಿದ್ದು ತಾರಸಿಯಿಂದ. ಒಣಗಲು ಹಾಕಿದ ಅಡಿಕೆಯ ಬದಿಯಲ್ಲಿ ಚಾಪೆ ಹಾಕಿ ಮಲಗುವುದು. ಗಾಳಿ ನಮ್ಮ ಕಡೆ ಬೀಸಿದರೆ ಪಲ್ಲವಿ, ಆ ಕಡೆ ಬೀಸಿದರೆ ಚರಣ ಇಲ್ಲ. ಕೆಲವು ಹಾಡಿನ ಎರಡನೇ ಚರಣ ನಾನು ಮದುವೆ ಆದ ಮೇಲೆ ಮೊದಲ ಸಲ ಸರಿಯಾಗಿ ಕೇಳಿದ್ದು.

ವಿದ್ಯಾಭೂಷಣರ ಕಾರ್ಯಕ್ರಮಕ್ಕೆ ಮಾತ್ರ ಬಿಡ್ತಿದ್ರು. ಆಗ ಅವರು ಸುಬ್ರಹ್ಮಣ್ಯ ಮಠದ ಸ್ವಾಮಿಗಳು, ಕಾವಿ ಉಟ್ಟು ದಾಸರ ಪದ ಹಾಡ್ತಿದ್ರು. ನಮ್ಮ ಅಜ್ಜಿ ಮೊದಲ ಪದದಿಂದ ಮಂಗಳದ ತನಕ ಕೈ ಮುಗಿದೇ ಕೂರುವುದು. 1997ರಲ್ಲಿ ಅವರು ಪೀಠ ಬಿಟ್ಟರು ಅಂತ ಸುದ್ದಿ ಬಂತು. ಅಜ್ಜಿ ಅವರ ಕ್ಯಾಸೆಟ್ಟುಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿಸಿದ್ರು. ಸ್ವಲ್ಪ ದಿನ ಕಳೆದು ಒಂದು ಶುಕ್ರವಾರ ಬತ್ತಿ ಹೊಸೆಯುತ್ತಾ "ಎಂತ, ಮನೆಯಲ್ಲಿ ಪದ ಹಾಕುವವರೇ ಇಲ್ಲವಾ" ಅಂದ್ರು. ಅಣ್ಣ ಕೇಳಿದ, "ಅಟ್ಟದಿಂದ ಇಳಿಸಬೇಕಾ ಅಜ್ಜಿ?" ಅದಕ್ಕೆ, "ಪೀಠ ಬಿಟ್ಟದ್ದು ಅವರು, ದಾಸರಲ್ಲವಲ್ಲ" ಅಂತ ಉತ್ತರ.

ಬಿಜೈ ಬಾಯಿ

ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ! ಒಂಬತ್ತು ಗಂಟೆಯ ವಿಷಯ ನಮ್ಮಲ್ಲೂ ಹಾಗೇ. ಇಡೀ ಕುಟುಂಬ ಹೊರಟರೆ ಮಾತ್ರ ನೈಟ್.

ಮಣ್ಣಗುಡ್ಡೆ ಮಾಮ

ತಾರಸಿ ಅಕ್ಕ, ನನ್ನ ತಂಗಿಗೆ ಇದನ್ನು ಓದಿ ಹೇಳಿದೆ. "ಈಗಲಾದರೂ ಗೊತ್ತಾಯ್ತಾ" ಅಂತ ಒಳಗೆ ಹೋದಳು.

ಸುರತ್ಕಲ್ ಹಾಸ್ಟೆಲ್

ಬೇರೆ ರುಚಿ ಒಂದು ಹಾಕ್ತೇನೆ. ನಾನು ಕೆಆರ್‌ಇಸಿಯಲ್ಲಿ ಇಂಜಿನಿಯರಿಂಗ್ ಓದಿದವ (ಈಗಿನವರಿಗೆ ಎನ್‌ಐಟಿಕೆ, 2002ರಲ್ಲಿ ಹೆಸರು ಬದಲಾಯ್ತು). ಇನ್ಸಿಡೆಂಟ್ ಅಂತ ಕಾಲೇಜು ಹಬ್ಬ. ರಾಕ್ ಶೋ ರಾತ್ರಿ ಸಮುದ್ರದ ಗಾಳಿ, ಗಿಟಾರಿನವನ ಕೂದಲು ಮುಖದ ಮೇಲೆ. ಹಾಡಿನ ಒಂದು ಶಬ್ದ ಅರ್ಥ ಆಗ್ತಿರಲಿಲ್ಲ, ಆದರೂ ತಲೆ ಅಲ್ಲಾಡಿಸಿ ಅಲ್ಲಾಡಿಸಿ ಮರುದಿನ ಕುತ್ತಿಗೆ ತಿರುಗ್ತಿರಲಿಲ್ಲ. ಸ್ಪಿಕ್ ಮೆಕೆಯವರು ಅದೇ ಕ್ಯಾಂಪಸ್ಸಿಗೆ ಶಾಸ್ತ್ರೀಯದವರನ್ನೂ ಕರೆಸ್ತಿದ್ರು. ಅಲ್ಲಿಗೆ ಹೋದದ್ದು, ನಿಜ ಹೇಳ್ತೇನೆ, ಒಬ್ಬಳು ಹುಡುಗಿ ಹೋಗ್ತಾಳೆ ಅಂತ. ಅವಳು ಸಿಗಲಿಲ್ಲ. ಸಿತಾರ್ ಹುಚ್ಚು ಮಾತ್ರ ಉಳಿಯಿತು.

ಮುಂಬಯಿ ಪಡುಬಿದ್ರಿ

ಡಾನ್ ಬಾಸ್ಕೊ ಹಾಲಿನಲ್ಲಿ ಏನಾದರೂ ನೋಡಿ ಹೊರಟರೆ ಸೀದಾ ಐಡಿಯಲ್‌ಗೆ ಹೋಗಿ ಗಡ್‌ಬಡ್ ಐಸ್‌ಕ್ರೀಮ್. ಅದಿಲ್ಲದೆ ಕಾರ್ಯಕ್ರಮ ಮುಗಿದ ಹಾಗೇ ಅಲ್ಲ.

ಅಂಬಲಪಾಡಿ ಮಾಣಿ

ಗಡ್‌ಬಡ್ ಉಡುಪಿಯ ಡಯಾನಾ ಹೋಟೆಲಿನದ್ದು. ಮಂಗಳೂರಿನವರು ಆಮೇಲೆ ಕಲಿತದ್ದು.

ಮುಂಬಯಿ ಪಡುಬಿದ್ರಿ

ಯಾರು ಮೊದಲು ಮಾಡಿದ್ರು ಅಂತ ನಾನು ಹೇಳಲಿಲ್ಲ, ಎಲ್ಲಿ ತಿಂದೆ ಅಂತ ಹೇಳಿದೆ.

ಕುಂದಾಪ್ರದ ಹೈದ

ತೆಂಕು ಬಡಗು ಬೇಡ ಅಂದ್ರಿ. ಇದು ಅದಕ್ಕಿಂತ ಜೋರಿನ ಜಗಳ.

ಹೊಸ ಚಿಗುರು

ನಮಸ್ಕಾರ ಎಲ್ಲರಿಗೂ. ನನಗೆ ಇನ್ನೂ ಇಪ್ಪತ್ತೈದು ಆಗಿಲ್ಲ. ಉಡುಪಿಯಲ್ಲೇ ಇದ್ದೇನೆ, ಪಿಟೀಲು ಕಲಿಯುತ್ತೇನೆ. ಒಂದು ಪ್ರಶ್ನೆ, ಸಿಟ್ಟು ಮಾಡಬೇಡಿ.

ಕೃಷ್ಣ ಮಠದ ರಾಜಾಂಗಣದಲ್ಲಿ ಈಗಲೂ ಕಾರ್ಯಕ್ರಮ ಆಗ್ತಾ ಇರ್ತದೆ. ರಾಗಧನ ಸಂಸ್ಥೆಯವರು ಕಛೇರಿ ಮಾಡ್ತಾರೆ. ಮಂಗಳೂರು ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣ್‌ನವರ ತಿಂಗಳ ವೇದಿಕೆ ಉಂಟು, ಮೊದಲ ಭಾನುವಾರ. ಮೂಡುಬಿದಿರೆಯಲ್ಲಿ ಆಳ್ವಾಸ್ ವಿರಾಸತ್ ಉತ್ಸವ ಉಂಟು. ನಾನು ಹೋದ ಎಷ್ಟೋ ಕಛೇರಿಯಲ್ಲಿ ಮುಂದಿನ ಎರಡು ಸಾಲು ಖಾಲಿ. ಆ ಸಾಲಿನಲ್ಲಿ ಕೂರಬೇಕಾದವರು ಎಲ್ಲಿ ಅಂತ ಇವತ್ತು ಗೊತ್ತಾಯ್ತು. ಇಲ್ಲಿ ಕೂತು ಹಳೆಯದ್ದು ಬರೀತಾ ಇದ್ದೀರಿ!

ರಿದಂಪ್ಯಾಡ್

ಯಪ್ಪಾ.

ಸುರತ್ಕಲ್ ಹಾಸ್ಟೆಲ್

ಮಗಾ, ಪಾರ್ಕಿಂಗ್ ಸಿಗುವುದಿಲ್ಲ, ಕೆಳಗೆ ಕೂತರೆ ಏಳಲು ಆಗುವುದಿಲ್ಲ. ನಮಗೂ ಕಷ್ಟ ಉಂಟು.

ಹೊಸ ಚಿಗುರು

ಅಂಕಲ್, ರಾಜಾಂಗಣದಲ್ಲಿ ಕುರ್ಚಿ ಉಂಟು.

ಶ್ರುತಿಶುದ್ಧ

ಈ ಮಗು ಹೇಳಿದ್ದು ಸರಿ. ನಾನು ಹೋಗ್ತೇನೆ, ಆದರೂ ಹೇಳ್ತೇನೆ: ನಮ್ಮ ಹರೆಯದಲ್ಲಿ ಬೇರೆ ದಾರಿ ಇರಲಿಲ್ಲ. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರು ಆಗುವ ತನಕ ಇಲ್ಲಿನ ಮನೆಗಳಲ್ಲಿ ದೂರದ ಸ್ಟೇಷನ್ನಿನ ಕರಕರ ಶಬ್ದದ ನಡುವೆ ರಾಗ ಹುಡುಕಬೇಕಿತ್ತು. ಬ್ರಹ್ಮಾವರದಲ್ಲಿ ಟವರ್ ಬಂದ ಮೇಲೆ ಸ್ಪಷ್ಟ ಕೇಳಿಸಿತು. ಅದಕ್ಕೂ ಮೊದಲು ಒಳ್ಳೆಯ ಕಾನಡಾ ರಾಗ ಕೇಳಬೇಕಾದರೆ ಬಸ್ ಹತ್ತಿ ಹೋಗಿ ಕೂರಬೇಕು, ಅಷ್ಟೇ. ಈಗ ಕಿಸೆಯಲ್ಲಿ ಎಲ್ಲರೂ ಉಂಟು. ಹಾಗಾಗಿ ಎದ್ದು ಹೋಗುವ ಹಸಿವು ಕಮ್ಮಿ ಆಗಿದೆ. ಸಂಗೀತ ಕಮ್ಮಿ ಆದದ್ದಲ್ಲ.

ತೆಂಕಿನ ಜಾಗಟೆ

ಶ್ರುತಿಶುದ್ಧರು ಇವತ್ತು ಮೊದಲ ಸಲ ಯಾರನ್ನೂ ತಿದ್ದದೆ ಬರೆದರು.

ಬಿಜೈ ಬಾಯಿ

ಕಲಾಂಗಣದ ಹೆಸರು ಬಂದದ್ದಕ್ಕೆ ಹೇಳ್ತೇನೆ. 2008ರ ಜನವರಿಯಲ್ಲಿ ಕೊಂಕಣಿ ನಿರಂತರಿ ಆಯ್ತಲ್ಲ, 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡು, ಗಿನ್ನೆಸ್ ದಾಖಲೆಗೆ. ನಾನು ನಡುರಾತ್ರಿ ಹೋದೆ. ಇಡೀ ಊರು ಮಲಗಿದೆ, ಅಲ್ಲಿ ಮಾತ್ರ ಒಂದು ತಂಡ ಇಳಿಯುತ್ತದೆ, ಇನ್ನೊಂದು ತಂಡ ಹತ್ತುತ್ತದೆ. ಸ್ಟೇಜಿನ ಬದಿಯಲ್ಲಿ ಮುಂದಿನ ತಂಡದವರು ನಿದ್ದೆಗಣ್ಣಲ್ಲಿ ಒಬ್ಬರ ಭುಜಕ್ಕೆ ಒಬ್ಬರು ಒರಗಿಕೊಂಡು ಹಾಡು ಗುನುಗ್ತಾ ಇದ್ರು. ಅದು ಹರೆಯದ ನೆನಪಲ್ಲ, ಆಗ ನನಗೆ ನಲವತ್ತು ದಾಟಿತ್ತು. ಆದರೂ ಬರೆದೆ.

ಮಣ್ಣಗುಡ್ಡೆ ಮಾಮ

ಅಕ್ಕನ ಮಗನಿಗೆ ಲಿಂಕ್ ಕಳಿಸಿದ್ದೆ. ಓದಿ ಒಂದು ಸಾಲು ಉತ್ತರ ಹಾಕಿದ್ದಾನೆ: "ಮಾಮ, ರಿದಂಪ್ಯಾಡ್ ಅಂಕಲ್‌ಗೆ ಆ ಖಜಾಂಚಿ ದುಡ್ಡು ಕೊಟ್ಟನಾ?"

ರಿದಂಪ್ಯಾಡ್

ಇಲ್ಲ ಮಾರಾಯ. ಈಚೆಗೆ ಒಂದು ಮದುವೆಯಲ್ಲಿ ಸಿಕ್ಕಿದ್ರು. ಗುರುತು ಹಿಡಿದು, "ನೀವು ಒಳ್ಳೆ ಬಾರಿಸ್ತಿದ್ರಿ" ಅಂದ್ರು. ಪಾಯಸ ಎರಡು ಸಲ ಬಡಿಸಿದ್ರು.

ಬಿಜೈ ಬಾಯಿ

ಕ್ಯಾಸೆಟ್ ಡಾಕ್ಟರರೇ, ಬೂಷ್ಟಿಗೆ ಎಂತ ಮಾಡುವುದು ಅಂತ ನೀವು ಹೇಳಲೇ ಇಲ್ಲ. ಮಳೆ ಬರುವ ಮೊದಲು ಮಾಡಬೇಕು.

ಕ್ಯಾಸೆಟ್ ಡಾಕ್ಟರ್

ನಾಲ್ಕು ಮೂಲೆಯಲ್ಲಿ ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಸುರುಳಿ ಎರಡನ್ನೂ ಹೊಸ ಡಬ್ಬಿಗೆ ಹಾಕಬಹುದು. ಪುಡಿಯನ್ನು ಮೆತ್ತನೆ ಒಣಬಟ್ಟೆಯಲ್ಲಿ, ಕೈಯಲ್ಲಿ ನಿಧಾನ ಸುತ್ತಿಕೊಂಡು ತೆಗೆಯಬೇಕು. ಮೂಗಿಗೆ ಮಾಸ್ಕ್ ಹಾಕಿ, ಬಾಯಲ್ಲಿ ಊದಬೇಡಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಯಲ್ಲಿ ಒರೆಸಿ. ಆಮೇಲೆ ಇಯರ್‌ಫೋನ್ ತೂತಿನಿಂದ ವಯರ್ ಎಳೆದು ಲ್ಯಾಪ್‌ಟಾಪಿಗೆ. ಒಂದೂವರೆ ಗಂಟೆಯ ಕ್ಯಾಸೆಟ್ಟಿಗೆ ಒಂದೂವರೆ ಗಂಟೆಯೇ ಬೇಕು, ಅದಕ್ಕೆ ಶಾರ್ಟ್‌ಕಟ್ ಇಲ್ಲ.

ಡಬ್ಬಿಗೆ ಸ್ಕ್ರೂ ಇಲ್ಲದೆ ಅಂಟಿಸಿದ್ದಾದರೆ ನೀವು ಕೈ ಹಾಕಬೇಡಿ, ನನಗೆ ಮೆಸೇಜ್ ಮಾಡಿ. ಮತ್ತೆ ಅಜ್ಜಿಯ ಕೆಮ್ಮು ಸಾಫ್ಟ್‌ವೇರಿನಲ್ಲಿ ತೆಗೆಯಬಹುದು. ಬೇಕಾ?

ಬಿಜೈ ಬಾಯಿ

ಬೇಡ! ಮಲ್ಲಿಗೆ ರೇಟು ಬೇಕಾದರೆ ತೆಗೆಯಿರಿ.

ಅಂಬಲಪಾಡಿ ಮಾಣಿ

ಅದನ್ನೂ ತೆಗೆಯಬೇಡಿ ಮಾರಾಯ್ರೆ, ಆ ಕಾಲದಲ್ಲಿ ಶಂಕರಪುರ ಮಲ್ಲಿಗೆ ಅಟ್ಟೆಗೆ (ಹೂ ಮಾರುವ ಅಳತೆ) ಎಷ್ಟು ಇತ್ತು ಅಂತ ನೋಡಬೇಕು.